ನೂರ್ಡ್ಲಿಯ ಕಣಜ

ಟಿಕೆಟ್ ಕಿಟಕಿಯ ಹುಡುಗಿ ತಲೆಯೆತ್ತಿ ಒಮ್ಮೆ ನೋಡಿ, "ನಿವೃತ್ತರಿಗೆ ರಿಯಾಯಿತಿ ಇದೆ" ಎಂದಾಗ ಹಾಲ್ವಾರನಿಗೆ ಕಸಿವಿಸಿಯಾಯಿತು. ತಾನು ಬಾಯಿ ತೆರೆಯುವ ಮೊದಲೇ ಇವಳು ತನ್ನ ಬಗ್ಗೆ ಏನೋ ತೀರ್ಮಾನಿಸಿಬಿಟ್ಟಿದ್ದಾಳೆ. ಅವನು ನಿವೃತ್ತನಲ್ಲ. ಅರವತ್ತನಾಲ್ಕು ವರ್ಷದ, ಹದಿನಾರು ಹಸುಗಳಿರುವ, ಈಗಲೂ ಹುಲ್ಲಿನ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದಿರುವ ರೈತ. ಹಾಗೆಂದು ಹೇಳಬೇಕೆಂದುಕೊಂಡ, ಬಾಯಿಂದ ಬಂದದ್ದು "ಹೂಂ" ಮಾತ್ರ. ಹುಡುಗಿ ಟಿಕೆಟಿನ ಜೊತೆಗೆ ಒಂದು ನಕ್ಷೆಯನ್ನೂ ಕೊಟ್ಟಳು. ಕಣಿವೆಯ ಬೇರೆ ಬೇರೆ ಊರುಗಳಿಂದ ಬಿಚ್ಚಿ ತಂದು ಮತ್ತೆ ಜೋಡಿಸಿದ ಮನೆಗಳನ್ನೆಲ್ಲ ಅದರಲ್ಲಿ ಪುಟ್ಟಪುಟ್ಟದಾಗಿ ಬರೆದು ಸಂಖ್ಯೆ ಹಾಕಿದ್ದರು. ಇಪ್ಪತ್ತೇಳು: ನೂರ್ಡ್ಲಿಯ ಕಣಜ. ತಾನು ಹುಟ್ಟಿ ಬೆಳೆದ ಅಂಗಳದಲ್ಲಿ ನಿಂತಿದ್ದ ಕಣಜವನ್ನು ನೋಡಲು ಟಿಕೆಟು ತೆಗೆದುಕೊಂಡು, ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನಿಂತ ಈ ಮುದುಕನನ್ನು ತಾನೇ ಎಲ್ಲಿಂದಲೋ ನೋಡುತ್ತಿರುವಂತೆ ಅವನಿಗೆ ಅನಿಸಿತು; ನೋಡಿ ನಗು ಬರಬೇಕಾಗಿತ್ತು, ಬರಲಿಲ್ಲ.

ಬರುವ ಯೋಚನೆಯೇ ಇರಲಿಲ್ಲ. ಬೆಳಿಗ್ಗೆ ಹುಲ್ಲು ಸುತ್ತುವ ಯಂತ್ರದ ಒಂದು ಭಾಗ ಮುರಿದಿತ್ತು. ಪೇಟೆಯ ವರ್ಕ್‌ಶಾಪಿನವನು ಅದನ್ನು ತಿರುಗಿಸಿ ನೋಡಿ, ಮೂರು ಗಂಟೆಯಾಗುತ್ತದೆ ಎಂದ. ಹೆಂಡತಿ ತೂರಾಳಿಗೆ ಫೋನ್ ಮಾಡಿ ತಡವಾಗುವುದನ್ನು ತಿಳಿಸಿದರೆ ಅವಳು, "ಮೂರು ಗಂಟೆ ತನಕ ಅವನ ಮುಖ ನೋಡ್ಕೊಂಡು ಕೂರ್ತೀಯಾ? ಗುಡ್ಡ ಹತ್ತಿದರೆ ಮ್ಯೂಸಿಯಂ. ಹೋಗು. ನಿಮ್ಮಕ್ಕ ಕಚ್ಚಲ್ಲ" ಎಂದಳು. ಹೋಗಲು ಕಾರಣ ಬೇಕಲ್ಲ ಎಂದು ಇವನು ಗೊಣಗಿದ. "ಲೆಫ್ಸೆ ತಿನ್ನಕ್ಕೆ ಕಾರಣ ಬೇಕಾ? ಈ ಭೂಮಿ ಮೇಲೆ ಲೆಫ್ಸೆಗೂ ಕಾರಣ ಕೇಳೋನು ನೀನೊಬ್ಬನೇ" ಎಂದು ಅವಳು ಫೋನ್ ಇಟ್ಟಳು. ಅಕ್ಕ ಓಸ್ತಾ ಮೂರು ಬೇಸಿಗೆಗಳಿಂದ ಈ ಮ್ಯೂಸಿಯಮ್ಮಿನಲ್ಲಿ ಹಳೆಯ ಕಾಲದ ಲಂಗ ರವಿಕೆ ತೊಟ್ಟು ಹಂಚಿನ ಮೇಲೆ ಲೆಫ್ಸೆ ರೊಟ್ಟಿ ಸುಡುತ್ತಾಳೆಂಬುದು ಅವನಿಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಅಂಗಡಿಯಲ್ಲಿ ಯಾರಾದರೂ ಆ ಮಾತೆತ್ತಿದರೆ ಅವನು ಉಪ್ಪಿನ ಪೊಟ್ಟಣದ ಹಿಂಬದಿಯನ್ನು ಓದತೊಡಗುತ್ತಿದ್ದ. ಹನ್ನೆರಡು ವರ್ಷದ ಹಿಂದೆ ಟ್ರ್ಯಾಕ್ಟರಿಗೆ ಶೆಡ್ಡು ಬೇಕೆಂದು, ಬಾಗತೊಡಗಿದ್ದ ಕಣಜವನ್ನು ಅವನು ಮ್ಯೂಸಿಯಮ್ಮಿಗೆ ದಾನ ಕೊಟ್ಟಿದ್ದ, ಅಕ್ಕನಿಗೆ ಹೇಳಿರಲಿಲ್ಲ. ಕ್ರಿಸ್ಮಸ್ಸಿಗೆಂದು ಬಂದ ಅವಳು ಕೈಯಲ್ಲಿ ಕೇಕಿನ ಡಬ್ಬಿ ಹಿಡಿದುಕೊಂಡೇ ಅಂಗಳದಲ್ಲಿ ನಿಂತು, ಹಿಮದಿಂದ ತಲೆಯೆತ್ತಿದ್ದ ಬೋಳು ಅಡಿಗಲ್ಲುಗಳನ್ನು ಎಣಿಸುವವಳಂತೆ ನೋಡಿದ್ದಳು. ಡಬ್ಬಿಯನ್ನು ತೂರಾಳ ಕೈಗೆ ಕೊಟ್ಟು ಅದೇ ಬಸ್ಸಿಗೆ ವಾಪಸು ಹೋಗಿದ್ದಳು. ಅಲ್ಲಿಂದ ಮಾತಿಲ್ಲ.

ಬರ್ಚ್ ಮರಗಳ ನಡುವಿನ ದಾರಿಯಲ್ಲಿ ಹತ್ತುತ್ತ ಅವನು ತಪ್ಪುಗಳನ್ನು ಹುಡುಕತೊಡಗಿದ. ತಪ್ಪು ಸಿಕ್ಕಷ್ಟೂ ಎದೆ ಹಗುರಾಗುತ್ತಿತ್ತು. ಬಯಲಲ್ಲೊಬ್ಬ ಯುವಕ ಉದ್ದ ಹಿಡಿಯ ಕುಡುಗೋಲು ಬೀಸಿ ಹುಲ್ಲು ಕೊಯ್ಯುವುದನ್ನು ತೋರಿಸುತ್ತಿದ್ದ. ಸೊಂಟ ತಿರುಗಿಸದೆ ಬರೀ ತೋಳಿನಿಂದ ಬೀಸುತ್ತಿದ್ದ, ನಾಳೆ ಬೆಳಿಗ್ಗೆ ಅವನು ಹಾಸಿಗೆಯಿಂದ ಏಳಲಾರ. ಮೇಲೆ ಹುಲ್ಲು ಬೆಳೆದ ಮಾಡುಗಳಡಿ ಮರದ ಮನೆಗಳು ಸಾಲಾಗಿ ನಿಂತಿದ್ದವು. ಒಂದೊಂದೂ ಒಂದೊಂದು ಊರಿನದು. ಒಬ್ಬರ ಪರಿಚಯ ಒಬ್ಬರಿಗಿಲ್ಲದೆ ಮದುವೆಮನೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತ ನೆಂಟರ ಹಾಗೆ. ಆಮೇಲೆ ಕಣಜ ಕಂಡಿತು, ಹಿಂಬದಿಯಿಂದ. ಇಷ್ಟು ಚಿಕ್ಕದಿತ್ತೇ ಇದು? ಅವನ ನೆನಪಿನಲ್ಲಿ ಅದರ ಮೇಲಂತಸ್ತು ಮೋಡಕ್ಕೆ ತಾಗುತ್ತಿತ್ತು. ಬಾಗಿಲನ್ನು ಪಡುವಣಕ್ಕೆ ತಿರುಗಿಸಿದ್ದರು, ಮನೆಯಲ್ಲಿ ಅದು ಮೂಡಣಕ್ಕಿತ್ತು. ಇದೊಂದು ದೊಡ್ಡ ತಪ್ಪು. ಅವನಿಗೆ ಸಂತೋಷವೇ ಆಯಿತು. ಆದರೆ ಮಾಡು ಸೋರುತ್ತಿರಲಿಲ್ಲ, ಗೋಡೆ ಬಾಗಿರಲಿಲ್ಲ, ಅವನ ಅಂಗಳದಲ್ಲಿ ಕೊಳೆಯುತ್ತಿದ್ದ ಮೂಲೆಯ ತೊಲೆಯನ್ನು ಯಾರೋ ಎಷ್ಟು ಜಾಣತನದಿಂದ ಬದಲಿಸಿದ್ದರೆಂದರೆ ಕೀಲು ಹುಡುಕಲು ಅವನು ಉಗುರಿನಿಂದ ಗೀರಬೇಕಾಯಿತು. ನಮ್ಮನ್ನು ಬಿಟ್ಟು ಹೋದವರು ನಮ್ಮಲ್ಲಿದ್ದುದಕ್ಕಿಂತ ಚೆನ್ನಾಗಿರುವುದನ್ನು ನೋಡಿದಾಗಿನ ಹೊಟ್ಟೆಯುರಿ ಅವನನ್ನು ಒಂದು ಗಳಿಗೆ ಅಲ್ಲಿಯೇ ನಿಲ್ಲಿಸಿತು.

ಪಕ್ಕದ ಸಣ್ಣ ಒಲೆಮನೆಯಿಂದ ಹೊಗೆ ಬರುತ್ತಿತ್ತು, ಜೊತೆಗೆ ಅಕ್ಕನ ದನಿ. ಹನ್ನೆರಡು ವರ್ಷ ಕೇಳದ ದನಿಯನ್ನು ಗುರುತಿಸಲು ಮನಸ್ಸಿಗೆ ಸ್ವಲ್ಪವೂ ಹೊತ್ತು ಬೇಕಾಗಲಿಲ್ಲವೆಂಬುದೇ ಒಂದು ಅವಮಾನವೆನಿಸಿತು. ಬಾಗಿಲಲ್ಲಿ ಇಣುಕಿದ. ಏಳೆಂಟು ಜನ ಪ್ರವಾಸಿಗರ ನಡುವೆ, ಕಪ್ಪು ಲಂಗ, ಮಾಸಿದ ಚೌಕುಳಿ ಮೇಲುಡುಪು, ತಲೆಗೆ ಬಿಳಿಯ ಬಟ್ಟೆ ಕಟ್ಟಿಕೊಂಡ ಓಸ್ತಾ ಲಟ್ಟಣಿಗೆ ಒತ್ತುತ್ತಿದ್ದಳು. ಮೂವತ್ತೆರಡು ವರ್ಷ ಅಂಚೆ ಕಚೇರಿಯ ಗಾಜಿನ ಹಿಂದೆ ಕೂತಿದ್ದವಳು. ದಪ್ಪಗಾಗಿದ್ದಳು. ಅಮ್ಮನ ಹಾಗೆ ಕಾಣುತ್ತಿದ್ದಳು; ಇಲ್ಲ, ಅಮ್ಮ ಯಾವತ್ತೂ ಇಷ್ಟು ನೆಮ್ಮದಿಯಿಂದ ಲಟ್ಟಿಸಿದ್ದನ್ನು ಅವನು ನೋಡಿರಲಿಲ್ಲ. ಕೆಂಪು ಮಳೆಯಂಗಿಯವನೊಬ್ಬ, ಸಾವಿರದ ಎಂಟುನೂರ ಅರವತ್ತೈದರಲ್ಲಿ ಲೆಫ್ಸೆಗೆ ಆಲೂಗಡ್ಡೆ ಹಾಕುತ್ತಿದ್ದರೆಂಬುದಕ್ಕೆ ಆಧಾರವಿದೆಯೇ ಎಂದು ಕೇಳಿದ.

"ಬರ್ಗೆನ್ನಿಂದ ಬಂದ್ರಾ?" ಎಂದಳು ಓಸ್ತಾ, ತಲೆಯೆತ್ತದೆ.

"ಹೌದು. ಹೇಗೆ ಗೊತ್ತಾಯ್ತು?"

"ಹಾಗೇ. ಬೇರೆ ಊರೋರು ಮೊದಲು ತಿಂತಾರೆ, ಆಮೇಲೆ ಆಧಾರ ಕೇಳ್ತಾರೆ."

ಎಲ್ಲರೂ ನಕ್ಕರು, ಹಾಲ್ವಾರನ ಬಾಯಂಚೂ ಅವನ ಅಪ್ಪಣೆಯಿಲ್ಲದೆ ಅಲುಗಿತು. ಆ ಹೊತ್ತಿಗೆ ಅವಳು ತಲೆಯೆತ್ತಿದಳು. ನೋಡಿದಳು. ಮುಖದಲ್ಲಿ ಏನೂ ಆಗಲಿಲ್ಲ. ಇಲ್ಲಿ ಕೆಲಸ ಮಾಡುವವರು ಬಟ್ಟೆ ತೊಟ್ಟ ಮೇಲೆ ಆ ಕಾಲದವರಾಗಿಯೇ ಮಾತಾಡಬೇಕೆಂಬ ನಿಯಮವಿದೆಯೆಂದು ಅವನು ಕೇಳಿದ್ದ. ನೂರೈವತ್ತು ವರ್ಷ ಹಿಂದೆ ನಿಂತ ಹೆಂಗಸಿನ ಪಾಲಿಗೆ ಅವನು ಇನ್ನೂ ಹುಟ್ಟಿಲ್ಲ.

"ಬನ್ನಿ, ಒಳಗೆ ಬನ್ನಿ. ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬರಲ್ಲ. ದೂರದಿಂದ ಬಂದ್ರಾ?"

ಬಹುವಚನ! "ನೂರ್ಡ್ಲಿಯಿಂದ" ಎಂದ ಹಾಲ್ವಾರ್, ಕೆಮ್ಮಿ.

"ಹಾಂ, ನೂರ್ಡ್ಲಿ. ಕುದುರೆ ಗಾಡೀಲಿ ಒಂದು ದಿನದ ದಾರಿ. ಆ ಕಡೆ ಕೆಲವರಿಗೆ ಮಾತ್ರ ಹನ್ನೆರಡು ವರ್ಷ ಹಿಡಿಯತ್ತಂತೆ." ಪ್ರವಾಸಿಗರು ಯಾಕೆಂದು ತಿಳಿಯದಿದ್ದರೂ ನಕ್ಕರು. "ಬಂದದ್ದು ಒಳ್ಳೇದಾಯ್ತು. ಇವತ್ತು ನಮ್ಮ ಆಳು ಬಂದಿಲ್ಲ, ಸೊಂಟನೋವಂತೆ. ನಮ್ಮ ಕಾಲದಲ್ಲಿ ಸೊಂಟನೋವಿಗೆ ರಜೆ ಇಲ್ಲ, ಆದ್ರೂ ಹೆಂಗೋ ತಗೊಂಡಿದಾನೆ. ನಿಮ್ಮನ್ನ ನೋಡಿದರೆ ರೈತರ ಥರ ಕಾಣ್ತೀರಿ. ಆ ಕಣಜದ ಅಟ್ಟದಿಂದ ಒಂದು ಚೀಲ ಹಿಟ್ಟು ತಂದುಕೊಡ್ತೀರಾ?"

ಅಷ್ಟು ಜನರೆದುರು ಇಲ್ಲವೆನ್ನಲಾಗಲಿಲ್ಲ. ಅವಳು ಸೊಂಟದಿಂದ ಬಿಚ್ಚಿ ಕೊಟ್ಟ ಅಂಗೈಗಿಂತ ಉದ್ದದ ಕಬ್ಬಿಣದ ಬೀಗದಕೈ ಬೆಚ್ಚಗಿತ್ತು. ಅಂಗಳ ದಾಟಿದ. ಇಲಿ ಹಾರಿ ಬಾರದಂತೆ ಮೆಟ್ಟಿಲಿಗೂ ಹೊಸ್ತಿಲಿಗೂ ನಡುವೆ ಬಿಟ್ಟ ಸಂದನ್ನು ಕಾಲು ತಾನಾಗಿಯೇ ದಾಟಿತು. ಬೀಗದಕೈ ತಿರುಗಿಸುವಾಗ ಬಾಗಿಲನ್ನು ಮೊಣಕಾಲಿನಿಂದ ಒಂಚೂರು ಮೇಲಕ್ಕೆತ್ತಬೇಕು. ಅದನ್ನೂ ಮೊಣಕಾಲೇ ನೆನಪಿಟ್ಟುಕೊಂಡಿತ್ತು. ಹಿಂದೆ ಬಂದ ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ತಿರುಗಿ ಏನು ಮಾಡಬೇಕೆಂದು ತಿಳಿಯದೆ ಅವನು ಒಳನುಗ್ಗಿ, ಕಡಿದಾದ ಏಣಿ ಹತ್ತಿ ಅಟ್ಟ ಸೇರಿದ. ಅಲ್ಲಿ ಹಿಟ್ಟಿನ ಚೀಲ ಇರಲಿಲ್ಲ. ಹಳೆಯ ಹಿಟ್ಟಿನ ಪೆಟ್ಟಿಗೆಯ ಮುಚ್ಚಳ ತೆಗೆದ; ಖಾಲಿ. ಕೆಳಗೆ ಬಾಗಿಲು ಹಾಕಿಕೊಂಡ ಸದ್ದಾಯಿತು, ಆಮೇಲೆ ಬೀಗ ತಿರುಗಿದ ಸದ್ದು. ಬೀಗದಕೈಯನ್ನು ಹೊರಗಿನಿಂದ ತೆಗೆಯಲು ಅವನು ಮರೆತಿದ್ದ.

"ಓಸ್ತಾ" ಎಂದ. ಕೂಗಬೇಕೆಂದುಕೊಂಡದ್ದು ಪಿಸುಮಾತಾಗಿ ಬಂತು. ಮ್ಯೂಸಿಯಮ್ಮಿನ ಪ್ರದರ್ಶನದೊಳಗೆ ಸಿಕ್ಕಿಬಿದ್ದ ರೈತನೆಂದು ಹೊರಗಿನವರಿಗೆ ಗೊತ್ತಾಗುವುದಕ್ಕಿಂತ ಸುಮ್ಮನಿರುವುದೇ ಮೇಲು. ಪೆಟ್ಟಿಗೆಯ ಮೇಲೆ ಕೂತ. ಸಂದಿನಿಂದ ಬಂದ ಬಿಸಿಲಿನ ಪಟ್ಟಿಯಲ್ಲಿ ಧೂಳು ತೇಲುತ್ತಿತ್ತು. ವಾಸನೆ ಮಾತ್ರ ಯಾರೂ ಬದಲಿಸಿರಲಿಲ್ಲ: ಹೊಗೆ ಹಾಕಿದ ಮಾಂಸ, ಬಾರ್ಲಿ, ಕುರಿಯ ಉಣ್ಣೆ. ಬೇಸಿಗೆಯಲ್ಲಿ ಮನೆಯ ಹೆಣ್ಣುಮಕ್ಕಳು ಮಲಗುತ್ತಿದ್ದದ್ದು ಇಲ್ಲಿ. ಓಸ್ತಾಳ ಹಾಸಿಗೆ ಇದ್ದದ್ದು ಅಕೋ ಆ ಮೂಲೆಯಲ್ಲಿ. ಅವಳಿಗೆ ಆಗ ಹತ್ತೊಂಬತ್ತು, ಅವನಿಗೆ ಹದಿನೈದು. ಹಾಲಿನ ಲಾರಿ ಓಡಿಸುವ ಎಂಬ್ರಿಕ್ ಅವಳನ್ನು ಕಾಣಲು ಅಟ್ಟಕ್ಕೆ ಬಂದದ್ದನ್ನು ನೋಡಿ, ಹಾಲ್ವಾರ್ ತಮಾಷೆಗೆಂದು ಹೊರಗಿನಿಂದ ಬೀಗ ಹಾಕಿದ್ದ. ಸ್ವಲ್ಪ ಹೊತ್ತು ಬಿಟ್ಟು ತೆಗೆಯುವುದೆಂದುಕೊಂಡು ಹೋಗಿ ಮಲಗಿದ್ದ, ನಿದ್ದೆ ಹತ್ತಿತ್ತು. ಬೆಳಿಗ್ಗೆ ಮಾಂಸ ತರಲು ಹೋದ ಅಪ್ಪನಿಗೆ ಎಂಬ್ರಿಕ್ ಹಿಟ್ಟಿನ ಪೆಟ್ಟಿಗೆಯ ಮೇಲೆ, ಟೊಪ್ಪಿ ಕೈಯಲ್ಲಿ ಹಿಡಿದು ಕೂತದ್ದು ಕಂಡಿತು. ಅಪ್ಪ ಬೈಯಲಿಲ್ಲ. ಗಂಜಿ ಕುಡಿದುಹೋಗು ಎಂದು ಒಳಗೆ ಕರೆದ. ಎಂಬ್ರಿಕ್ ಎಲ್ಲರ ನಡುವೆ ಕೂತು ಬಟ್ಟಲು ತುಂಬ ಗಂಜಿ ಕುಡಿದು, ನಮಸ್ಕಾರ ಹೇಳಿ ಹೋದವನು ಮತ್ತೆ ಬರಲಿಲ್ಲ. ಮುಂದಿನ ವಾರದಿಂದ ಹಾಲಿನ ಲಾರಿಗೆ ಬೇರೆಯವನು ಬಂದ. ಆ ಗಂಜಿಯ ಚಮಚದ ಸದ್ದು ಹಾಲ್ವಾರನಿಗೆ ಇವತ್ತಿಗೂ ಕೇಳಿಸುತ್ತದೆ. ಓಸ್ತಾ ಮದುವೆಯಾಗಲಿಲ್ಲ. ಜಮೀನು ಗಂಡುಮಗನಿಗೆಂದು ಆಗಿನ ಕಾನೂನು. ಅದು ಅವನಿಗೆ ಬಂತು, ಅವಳು ಅಂಚೆ ಕಚೇರಿಗೆ ಹೋದಳು. ಕಾನೂನನ್ನು ಅವನು ಮಾಡಿರಲಿಲ್ಲ. ಆದರೆ ಬೀಗ ಹಾಕಿದ್ದು ಅವನೇ. ಅವಳು ಕಿಟಕಿಯ ಹಿಂದೆ ಅಂಚೆಚೀಟಿ ಹರಿಯುತ್ತ ಕಳೆದ ಮೂವತ್ತೆರಡು ವರ್ಷಕ್ಕೂ ತಾನೇ ಕಾರಣನೆಂದು, ಹಾಲು ಕರೆಯುವಾಗ, ಚರ್ಚಿನಲ್ಲಿ, ಹಲ್ಲು ಕೀಳಿಸಿಕೊಳ್ಳಲು ಕಾದು ಕೂತಾಗ, ಅವನು ನಂಬುತ್ತ ಬಂದಿದ್ದ. ಕಣಜ ಕೊಟ್ಟುಬಿಡುವಾಗಲೂ, ಶೆಡ್ಡಿನ ಮಾತು ನಿಜವಾದರೂ, ದಿನಾ ಬೆಳಿಗ್ಗೆ ಎದ್ದರೆ ಈ ಬಾಗಿಲು ಕಾಣದಿದ್ದರೆ ಸಾಕಿತ್ತೆಂಬ ಆಸೆಯೂ ಇತ್ತು.

ಹೊರಗೆ ಓಸ್ತಾಳ ದನಿ ಕೇಳಿತು. "ಬೇಸಿಗೇಲಿ ಹುಡುಗೀರು ಇಲ್ಲೇ ಮಲಗ್ತಿದ್ರು. ಹುಡುಗರು ಮಾತಾಡಕ್ಕೆ ಬರೋರು. ಬರೀ ಮಾತಾಡಕ್ಕೆ, ಹಂಗೆಲ್ಲ ನೋಡ್ಬೇಡಿ. ಈ ಮನೇಲಿ ಒಬ್ಬ ತಮ್ಮ ಇದ್ದ. ಕೈಲಾಗದೋನು, ಆದ್ರೆ ಬೀಗ ಹಾಕೋದ್ರಲ್ಲಿ ಬಲು ಚುರುಕು." ನಗು. "ಈಗಲೂ ಒಬ್ಬ ಒಳಗಿರಬಹುದು. ನೋಡೋಣ್ವಾ?"

ಬೀಗ ತಿರುಗಿತು. ಏಣಿಯ ಮೇಲೆ ಮೊದಲು ಕೆಂಪು ಮಳೆಯಂಗಿ, ಅದರ ಹಿಂದೆ ಒಂದೊಂದೇ ತಲೆ. ತಾನೂ ಹಿಟ್ಟಿನ ಪೆಟ್ಟಿಗೆಯ ಮೇಲೆ ಟೊಪ್ಪಿ ಕೈಯಲ್ಲಿ ಹಿಡಿದು ಕೂತಿರುವುದು ಹಾಲ್ವಾರನಿಗೆ ಆಗ ತಿಳಿಯಿತು.

"ಅದ್ಭುತ! ಎಷ್ಟು ಸಹಜವಾಗಿ ಅಭಿನಯಿಸ್ತಾರೆ!" ಎಂದ ಬರ್ಗೆನ್ನಿನವನು, ಫೋಟೋ ಹೊಡೆದುಕೊಳ್ಳುತ್ತ.

ಆ ಗುಂಪು ಗಾಣದ ಮನೆಯ ಕಡೆ ಹೋದ ಮೇಲೆ ಒಲೆಮನೆಯಲ್ಲಿ ಇಬ್ಬರೇ ಉಳಿದರು. ಓಸ್ತಾ ಗೂಟದಿಂದ ಆಳಿನ ಉಣ್ಣೆಯ ತೋಳಿಲ್ಲದ ಅಂಗಿ ತೆಗೆದು ಅವನತ್ತ ಎಸೆದಳು. "ಹಾಕ್ಕೊ. ಕಟ್ಟಿಗೆ ಒಡಿ. ಹಿಟ್ಟು ಇಲ್ಲೇ ಇತ್ತು." ಏಕವಚನ ಕೇಳಿ ಅವನಿಗೆ ಹೇಳಿಕೊಳ್ಳಲಾಗದಷ್ಟು ಸಮಾಧಾನವಾಯಿತು. ನೂರ್ಡ್ಲಿಯ ಒಡೆಯ ಆಳಿನ ಅಂಗಿ ತೊಟ್ಟ. ಹೊಟ್ಟೆಯ ಹತ್ತಿರ ಗುಂಡಿ ಕೂಡಲಿಲ್ಲ. ಕೊಡಲಿ ಮೊಂಡಾಗಿತ್ತು. ಹಾಗೆಂದು ದೂರಲು ಬಾಯಿ ತೆರೆಯುವಷ್ಟರಲ್ಲಿ ಅಂಗಿಯೊಳಗಿಂದ ಫೋನ್ ಕೂಗತೊಡಗಿತು.

"ಇದ್ಯಾವ ಹಕ್ಕಿ? ನಮ್ಮ ಕಾಲದಲ್ಲಿ ಕೇಳಿಲ್ಲ" ಎಂದಳು ಓಸ್ತಾ.

ವರ್ಕ್‌ಶಾಪಿನವನು: ಭಾಗ ಆಗಲೇ ಸಿದ್ಧವಾಗಿದೆ. ಹಾಲ್ವಾರ್ ಬಾಗಿಲಾಚೆ ಆಕಾಶ ನೋಡಿದ. ಮೋಡವಿರಲಿಲ್ಲ, ನೆಲದ ಮೇಲಿನ ಹುಲ್ಲು ಒಂದು ದಿನ ತಡೆಯುತ್ತದೆ. "ಸಂಜೆ ಬರ್ತೀನಿ" ಎಂದು ಫೋನ್ ಇಟ್ಟ. ಅವಳು ಹಂಚಿನ ಮೇಲಿನ ಲೆಫ್ಸೆಯನ್ನು ಉದ್ದನೆಯ ಕೋಲಿನಿಂದ ತಿರುವಿಹಾಕಿ, ಬೆಣ್ಣೆ ಸಕ್ಕರೆ ಸವರಿ, ಮಡಿಸಿ ಕೊಟ್ಟಳು. ತಿಂದ. ತಿನ್ನುತ್ತಲೇ, ಹೇಳದಿದ್ದರೆ ಇನ್ನು ಹೇಳಲಾರೆನೆಂದು ಹೆದರಿ, ಬಾಯಲ್ಲಿ ತುತ್ತಿಟ್ಟುಕೊಂಡೇ ಅಂದ:

"ಎಂಬ್ರಿಕ್‌ನ ವಿಷಯ... ನಾನು ಬೇಕೂಂತ ಮಾಡಿದ್ದಲ್ಲ. ನಿದ್ದೆ ಬಂದುಬಿಡ್ತು."

"ಯಾರು?"

"ಎಂಬ್ರಿಕ್. ಹಾಲಿನ ಲಾರಿಯೋನು."

ಓಸ್ತಾ ಲಟ್ಟಣಿಗೆ ಕೆಳಗಿಟ್ಟಳು. ಅವಳ ಭುಜ ಮೊದಲು ಅಲುಗಿತು, ಆಮೇಲೆ ಹೊಟ್ಟೆ. ತಲೆಗೆ ಕಟ್ಟಿದ ಬಟ್ಟೆ ಜಾರುವವರೆಗೆ ನಕ್ಕಳು. "ಅಯ್ಯೋ, ಅವನಾ? ಇನ್ನೂ ಅವನನ್ನ ಹೊತ್ಕೊಂಡು ತಿರುಗ್ತಿದೀಯಾ? ಅವನು ಬಂದು ಒಂದು ಗಂಟೆ ಗೇರ್‌ಬಾಕ್ಸ್ ವಿಷಯ ಮಾತಾಡ್ದ. ಬಾಗಿಲು ಹಾಕಿದೆ ಅಂತ ಗೊತ್ತಾದಮೇಲೆ ಅಪ್ಪನ ಒಣಮಾಂಸದ ತೊಡೆ ಕೊಯ್ಯಕ್ಕೆ ಶುರು ಮಾಡ್ದ. ಬೆಳಗಾಗೋ ಹೊತ್ತಿಗೆ ಅರ್ಧ ತೊಡೆ ಇಲ್ಲ! ಆಮೇಲೆ ಗಂಜೀನೂ ಕುಡಿದ್ನಲ್ಲ, ಮಾರಾಯ. ಅವನನ್ನ ಕಟ್ಕೊಂಡಿದ್ರೆ ನನ್ನನ್ನೂ ತಿಂದು ಮುಗಿಸ್ತಿದ್ದ."

"ಮತ್ತೆ ನೀನು ಮದುವೆ..."

"ಮದುವೆ ಆಗ್ಲಿಲ್ಲ. ನನಗೆ ಬೇಡ ಅನ್ನಿಸ್ತು. ನನ್ನ ಬಾಳು ನಾನು ಬದುಕಿದೀನಿ ಹಾಲ್ವಾರ್, ನೀನು ಬೀಗ ಹಾಕಿ ಮಾಡಿಕೊಟ್ಟದ್ದು ಅಂದ್ಕೋಬೇಡ. ಅಷ್ಟು ದೊಡ್ಡ ಮನುಷ್ಯ ಅಲ್ಲ ನೀನು."

ಅವನಿಗೆ ನಿರಾಳವಾಗಬೇಕಾಗಿತ್ತು. ಆಗಲಿಲ್ಲ. ಐವತ್ತು ವರ್ಷ ಹತ್ತಿರ ಹತ್ತಿರ ತನ್ನೊಳಗೆ ಕಟ್ಟಿ ಸಾಕಿದ ಅಪರಾಧವನ್ನು ಯಾರೋ ಬಂದು, ಇದು ನಿನ್ನದಲ್ಲವೆಂದು ಹಗ್ಗ ಬಿಚ್ಚಿ ಹೊಡೆದುಕೊಂಡು ಹೋದ ಹಾಗಿತ್ತು. ಒಬ್ಬಳ ಬದುಕು ಕೆಡಿಸಿದವನೆಂದು ಒಳಗೊಳಗೇ ಕೊರಗುತ್ತಿದ್ದಾಗ, ಆ ಕೊರಗಿನಲ್ಲಿ ಒಂದು ದೊಡ್ಡಸ್ತಿಕೆಯೂ ಇತ್ತೆಂದು, ಅವಳ ಕತೆಯ ನಡುವೆ ತಾನೇ ನಿಂತಿರುವೆನೆಂಬ ಹೆಮ್ಮೆಯಿತ್ತೆಂದು, ಈಗ ಅದು ಹೋದ ಮೇಲೆ ತಿಳಿಯಿತು. ಕೆಂಪಾದ ಕಿವಿಯನ್ನು ತಿಕ್ಕುತ್ತ ಕೂತ.

"ಹಾಗಾದ್ರೆ ಕಣಜ ಕೊಟ್ಟದ್ದಕ್ಕೆ ಸಿಟ್ಟು" ಎಂದ, ಕೊನೆಗೊಂದು ತಪ್ಪಾದರೂ ತನಗೆ ಉಳಿಯಲಿ ಎಂಬಂತೆ.

"ಅಲ್ಲಿದ್ದಿದ್ರೆ ಕೊಳೀತಿತ್ತು. ನೀನು ಒಂದು ಫೋನ್ ಮಾಡಿದ್ರೆ ಕೊಡು ಅಂತಾನೇ ಹೇಳ್ತಿದ್ದೆ. ಮೊದಮೊದಲು ಸಿಟ್ಟಿತ್ತು. ಆಮೇಲೆ ಅದು ಅಭ್ಯಾಸ ಆಯ್ತು, ಅಷ್ಟೆ. ತೂರಾ ಪ್ರತಿ ಭಾನುವಾರ ಫೋನ್ ಮಾಡಿ ಬಿಟ್ಟುಬಿಡೇ ಅಂತಿದ್ಲು..."

"ತೂರಾ? ಪ್ರತಿ ಭಾನುವಾರ?"

"ನೀನು ಹಾಲು ಕರೆಯಕ್ಕೆ ಹೋದಾಗ. ಬೆಳಿಗ್ಗೆ ಯಂತ್ರ ಮುರಿದ ಕೂಡ್ಲೇ ಫೋನ್ ಮಾಡಿ, ಇವತ್ತು ಅವನನ್ನ ಕಳಿಸ್ತೀನಿ ಅಂದ್ಲು. ಇಲ್ದಿದ್ರೆ ಈ ಲಂಗ ಇಸ್ತ್ರಿ ಮಾಡ್ಕೊಂಡು ಬರ್ತಿದ್ನಾ?" ಅವಳು ಹಂಚಿನ ಮೇಲಿನ ಹಿಟ್ಟಿನ ಪುಡಿಯನ್ನು ರೆಕ್ಕೆಪುಕ್ಕದಿಂದ ಗುಡಿಸಿದಳು. ಮತ್ತೆ ಮಾತಾಡಿದಾಗ ದನಿಯಲ್ಲಿ ನಗು ಇರಲಿಲ್ಲ. "ಸರಿ, ಬಿಟ್ಟುಬಿಡೋಣ ಅಂತಲೇ ಇಲ್ಲಿ ಸೇರಿಕೊಂಡೆ. ಸೇರಿದ ವಾರ, ನಿನಗೆ ಕೊಟ್ಟಿರೋ ಮನೆ ಬಗ್ಗೆ ಓದ್ಕೋ ಅಂತ ಕಣಜದ ಫೈಲು ಕೊಟ್ರು. ಅದರಲ್ಲಿ ನೀನು ತುಂಬಿದ ಫಾರಂ ಇತ್ತು. ಎಷ್ಟನೇ ಇಸವಿ, ಯಾವ ಮರ, ಎಲ್ಲ ಚೆನ್ನಾಗಿ ಬರ್ದಿದ್ದೆ. ಕೊನೆಗೊಂದು ಪ್ರಶ್ನೆ. ಈ ಕಟ್ಟಡದ ಬಗ್ಗೆ ಹೇಳಬಲ್ಲವರು ಬೇರೆ ಯಾರಾದರೂ ಇದ್ದಾರೆಯೇ. ನೀನು ಏನು ಬರ್ದಿದೀಯ, ನೆನಪಿದೆಯಾ?"

ನೆನಪಿರಲಿಲ್ಲ. ಅಡಿಗೆಮನೆಯ ಮೇಜು ನೆನಪಿತ್ತು, ಪೆನ್ನು ಬರೆಯದೆ ಕೊಡವಿದ್ದು ನೆನಪಿತ್ತು.

"'ಯಾರೂ ಇಲ್ಲ.' ಎರಡೇ ಮಾತು. ಪಕ್ಕದಲ್ಲಿ ಸಹಿ."

ಒಲೆಯಲ್ಲಿ ಕಟ್ಟಿಗೆ ಸಿಡಿಯಿತು. ಕೆಟ್ಟ ಉದ್ದೇಶದಿಂದ ಬರೆದದ್ದಲ್ಲವೆಂದು ಹೇಳಬಹುದಿತ್ತು, ಅದು ನಿಜವೂ ಆಗಿತ್ತು; ಅದೇ ಅದರ ಕೆಟ್ಟತನವೆಂದು ಅವನಿಗೆ ಹೊಳೆಯಿತು. ಯೋಚಿಸಿ, ಅವಳ ಮೇಲೆ ಹಗೆ ಸಾಧಿಸಿ ಬರೆದಿದ್ದರೆ ಅವಳು ಒಬ್ಬಳಿದ್ದಾಳೆಂದಾದರೂ ಒಪ್ಪಿದಂತಾಗುತ್ತಿತ್ತು. ಒಂದು ಕ್ಷಣವೂ ಯೋಚಿಸದೆ ಅಷ್ಟು ಸಲೀಸಾಗಿ, ಖಾನೆ ತುಂಬಿಸುವುದಕ್ಕೆಂದು, ಅವಳನ್ನು ಇಲ್ಲವಾಗಿಸಿದ್ದ. ಕರುಗಳಿಗೆ ಹೆಸರಿಡುತ್ತಿದ್ದದ್ದು ಅವಳು. ಯಾವ ತೊಲೆಯ ಹಿಂದೆ ಅಜ್ಜಿ ಸಕ್ಕರೆ ಬಚ್ಚಿಡುತ್ತಿದ್ದಳೆಂದು ಗೊತ್ತಿದ್ದದ್ದು ಅವಳಿಗೆ. ಕ್ಷಮಿಸು ಎನ್ನಬೇಕಿತ್ತು. ನೂರ್ಡ್ಲಿಯಲ್ಲಿ ಆ ಮಾತನ್ನು ಯಾರೂ ಹಸುಗಳಿಗಲ್ಲದೆ ಬೇರೆಯವರಿಗೆ ಹೇಳುತ್ತಿರಲಿಲ್ಲ, ಅದೂ ಕಾಲು ತುಳಿದಾಗ. ಹೊರಗೆ ಹೋಗಿ ಮೊಂಡು ಕೊಡಲಿಯಿಂದ ಕಟ್ಟಿಗೆ ಒಡೆಯತೊಡಗಿದ. ಬೇಕಾದ್ದಕ್ಕಿಂತ ಬಹಳ ಒಡೆದ. ಒಳಗಿನಿಂದ ಓಸ್ತಾ, "ಸಾಕೋ, ಮ್ಯೂಸಿಯಂ ಸುಡೋ ಆಲೋಚನೆ ಇದೆಯಾ?" ಎಂದು ಕೂಗಿದಳು. ದನಿ ಮೊದಲಿನಂತೆಯೇ ಇತ್ತು. ಅವಳು ಹೇಳಬೇಕಾದದ್ದನ್ನು ಹೇಳಿ ಮುಗಿಸಿದ್ದಳು. ಉಳಿದದ್ದು ಅವನ ಪಾಲಿಗಿತ್ತು.

ಊಟದ ಹೊತ್ತು ಕಳೆದು ಹೊಸ ಗುಂಪು ಬಂತು. ಅದರಲ್ಲಿ ಟ್ರೋನ್‌ಹೈಮಿನ ಶಾಲೆಯೊಂದರ ಟೀಚರು, ಕುತ್ತಿಗೆಗೆ ಕನ್ನಡಕ ನೇತುಹಾಕಿಕೊಂಡು ಕೈಯಲ್ಲಿ ನೋಟುಬುಕ್ಕು ಹಿಡಿದವರು, ಕಣಜವನ್ನು ಸುತ್ತಿ ಬಂದು ನೇರ ಹಾಲ್ವಾರನ ಬಳಿ ನಿಂತರು. ತೋಳಲ್ಲಿ ಕಟ್ಟಿಗೆ, ಕೂಡದ ಗುಂಡಿ, ಬೆವರು. ಅವರಿಗೆ ಅವನೇ ಅಲ್ಲಿನ ಎಲ್ಲರಿಗಿಂತ ಹಳಬನಂತೆ ಕಂಡಿರಬೇಕು.

"ಈ ಕಣಜ ಯಾರ ಮನೇದು? ಇದರ ಬಗ್ಗೆ ಸ್ವಲ್ಪ ಹೇಳ್ತೀರಾ?"

ಅವನಿಗೆ ಇಸವಿ ಗೊತ್ತಿತ್ತು, ಮರ ಗೊತ್ತಿತ್ತು. ಒಲೆಮನೆಯ ಬಾಗಿಲಿನಾಚೆ ಲಟ್ಟಣಿಗೆಯ ಸದ್ದು ನಿಂತದ್ದು ಕೇಳಿಸಿತು. ಅವಳು ಆಲಿಸುತ್ತಿದ್ದಾಳೆ. ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

"ನಾನು ಬರೀ ಕಟ್ಟಿಗೆ ಒಡೆಯೋನು" ಎಂದ. ಅಷ್ಟಕ್ಕೇ ನಿಲ್ಲಿಸಿಬಿಡಬಹುದಿತ್ತು, ಟೀಚರು ಆಗಲೇ ಮುಗುಳ್ನಕ್ಕು ತಿರುಗುತ್ತಿದ್ದರು. "ಇದು ನಮ್ಮ ಮನೇದು. ಆದ್ರೆ ಇದರ ವಿಷಯ ಹೇಳಬಲ್ಲೋರು ಒಬ್ಬರಿದಾರೆ. ಒಳಗಿದಾಳೆ. ನನ್ನ ಅಕ್ಕ." ಆಮೇಲೆ, ದನಿ ಅಗತ್ಯಕ್ಕಿಂತ ಎತ್ತರವಾಯಿತು, ಅಂಗಳದ ಹೆಬ್ಬಾತುಗಳು ಕೂಡ ಕತ್ತು ತಿರುಗಿಸಿದವು. "ಫೈಲಿನಲ್ಲಿ ಬೇರೆ ಇದೆ. ಅದು ತಪ್ಪು. ನಾನು ಬರೆದದ್ದೇ. ಆಫೀಸಿಗೆ ಹೋಗಿ ತಿದ್ದಿಸ್ತೀನಿ. ನೀವು ಅವಳನ್ನ ಕೇಳಿ."

ಟೀಚರಿಗೆ ಏನೂ ಅರ್ಥವಾಗಲಿಲ್ಲ, ಆದರೆ ನೋಟುಬುಕ್ಕು ತೆರೆದುಕೊಂಡು ಒಲೆಮನೆಗೆ ಹೋದರು, ಉಳಿದವರೂ ಹಿಂಬಾಲಿಸಿದರು. ಹಾಲ್ವಾರ್ ಕೊನೆಯಲ್ಲಿ ಬಂದ. ಓಸ್ತಾ ಹಂಚಿನ ಮುಂದೆ ನಿಂತಿದ್ದಳು, ಹಂಚಿನ ಮೇಲೆ ಲೆಫ್ಸೆಯ ಅಂಚು ಕಪ್ಪಾಗಿ ಹೊಗೆಯಾಡುತ್ತಿತ್ತು. ಬರ್ಗೆನ್ನಿನವನಿಗೂ ಉತ್ತರ ಕೊಟ್ಟವಳು ಈಗ ಹಿಟ್ಟಿನ ಕೈಯಿಂದ ಮೂಗು ಒರೆಸಿಕೊಂಡಳು, ಮೂಗು ಬಿಳಿಯಾಯಿತು. ಜನ ಕಾದರು. ಹಾಲ್ವಾರ್ ಅವರ ನಡುವೆ ತೂರಿ ಹೋಗಿ, ಕೋಲು ತೆಗೆದುಕೊಂಡು, ಸುಟ್ಟ ಲೆಫ್ಸೆಯನ್ನು ತಿರುವಿಹಾಕಲು ನೋಡಿದ. ಅದು ಹರಿದು ಬೆಂಕಿಗೆ ಬಿತ್ತು.

"ನೋಡಿದ್ರಾ?" ಎಂದಳು ಓಸ್ತಾ ಟೀಚರಿಗೆ. ಅವಳು ಶುರುಮಾಡಿದ್ದು ಸಾವಿರದ ಎಂಟುನೂರ ಅರವತ್ತೈದರಿಂದಲ್ಲ.

"ನನಗೆ ಆಗ ನಾಲ್ಕು ವರ್ಷ. ಆ ದಿನ ಬೆಳಿಗ್ಗೆ ಅಪ್ಪ ಬಂದು, ಗಂಡುಮಗು ಹುಟ್ಟಿದೆ, ನೂರ್ಡ್ಲಿಗೆ ಯಜಮಾನ ಬಂದ ಅಂದ. ಅಲ್ಲಿ ತನಕ ಯಜಮಾನಿ ನಾನೇ ಅಂತ ನನಗೆ ಖಾತ್ರಿ ಇತ್ತು. ನಾನು ಈ ಕಣಜದ ಮೆಟ್ಟಿಲ ಮೇಲೆ ಹೋಗಿ ಕೂತೆ. ಎಲ್ಲಿಂದ ತಂದ್ರೋ ಅಲ್ಲಿಗೇ ವಾಪಸ್ ಕೊಟ್ಟುಬನ್ನಿ ಅಂದೆ. ಮಧ್ಯಾಹ್ನ ಆಯ್ತು. ಯಾರು ಕರೆದ್ರೂ ಏಳಲಿಲ್ಲ. ಆಮೇಲೆ ಅಜ್ಜಿ ಅದನ್ನ ಕಂಬಳೀಲಿ ಸುತ್ಕೊಂಡು ತಂದು ನನ್ನ ತೊಡೆ ಮೇಲೆ ಇಟ್ಟುಬಿಟ್ಲು. ವಾಪಸ್ ಕೊಡೋದಾದ್ರೆ ನೀನೇ ಕೊಟ್ಟು ಬಾ ಅಂದ್ಲು. ಕೆಂಪಗೆ, ಸಿಪ್ಪೆ ಸುಲಿದ ಬೀಟ್‌ರೂಟ್ ಥರ ಇತ್ತು..."

ಯಾರೋ ನಕ್ಕರು. ಹಾಲ್ವಾರ್ ಈ ಕತೆಯನ್ನು ಯಾವತ್ತೂ ಕೇಳಿರಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ, ಟೀಚರ ಹಿಂದೆ ಸ್ವಲ್ಪ ಜಾಗ ಮಾಡಿಕೊಂಡು, ಮುಂದೇನಾಯಿತೆಂದು ತಿಳಿಯಲು ಉಳಿದವರ ಜೊತೆ ನಿಂತ.